ಹಸಿರು ನೋಡಲು ಬೆಂಗಳೂರಿಗೆ

ಬೆಂಗಳೂರಿನಲ್ಲಿ ಪ್ರಕೃತಿಗೆ ಭಾನುವಾರ ಮೈತುಂಬ ಕೆಲಸ. ವಾರದ ಉಳಿದ ದಿನ ಅದರ ಪಾಡಿಗೆ ಅದು ಎಲೆ ಉದುರಿಸಿಕೊಂಡು ಇರುತ್ತದೆ. ಶನಿವಾರ ಸಂಜೆಯಾಯಿತೆಂದರೆ ಮನೆಮನೆಯಲ್ಲೂ ಅದರ ಮೇಲೆ ದಂಡೆತ್ತಿ ಹೋಗುವ ಸಿದ್ಧತೆ. ನಾವು ಗಂಡ ಹೆಂಡತಿ ಸೊರಬದಿಂದ ರಾತ್ರಿ ಬಸ್ಸು ಹತ್ತಿ ಬನಶಂಕರಿಯ ಮಗಳ ಮನೆಗೆ ಹೋದಾಗಲೆಲ್ಲ ಈ ದಂಡಿನಲ್ಲಿ ನಮಗೂ ಜಾಗ ಕಾದಿರುತ್ತದೆ. ಮಗಳು ಚಾಪೆ, ಟೋಪಿ, ಬಿಸಿಲಿಗೆ ಹಚ್ಚುವ ಕ್ರೀಮು, ಸೊಳ್ಳೆಗೆ ಹಚ್ಚುವ ಇನ್ನೊಂದು ಕ್ರೀಮು, ಮಣ್ಣು ತಾಗಿದರೆ ಒರೆಸಲು ಒದ್ದೆ ಕಾಗದ, ಒರೆಸಿದರೂ ಹೋಗದಿದ್ದರೆ ಎಂದು ಮೊಮ್ಮಗನಿಗೆ ಬೇರೆ ಬಟ್ಟೆ ಎಲ್ಲವನ್ನೂ ಚೀಲಕ್ಕೆ ತುರುಕುತ್ತಾಳೆ. ನನ್ನ ಪಾಲಿಗೆ ಚಿತ್ರಾನ್ನ. ಅಳಿಯಂದಿರದು ಮೊಬೈಲು ಹಿಡಿದು ಮುಹೂರ್ತ ನೋಡುವ ಕೆಲಸ.

“ಅತ್ತೆ, ಆರೂವರೆಗೆ ಮನೆ ಬಿಟ್ಟುಬಿಡೋಣ. ಎಂಟಾಯ್ತೂಂದ್ರೆ ನೇಚರ್ ಫುಲ್ ಆಗಿರುತ್ತೆ.”

ಪ್ರಕೃತಿ ಫುಲ್ಲಾಗುವುದನ್ನು ನಾನು ಅಂಜನಾಪುರದ ಅಣೆಕಟ್ಟಿನಲ್ಲಿ ನೋಡಿದ್ದೆ. ನನ್ನ ತವರು ಶಿಕಾರಿಪುರ. ಮಳೆಗಾಲದಲ್ಲಿ ಕುಮುದ್ವತಿ ಉಕ್ಕಿ ಅಂಜನಾಪುರ ಕೋಡಿ ಬಿತ್ತೆಂದರೆ ನಮ್ಮ ಇಡೀ ಕೇರಿ ಬಾಗಿಲಿಗೆ ಚಿಲಕ ಹಾಕಿಕೊಂಡು ಹೊರಡುತ್ತಿತ್ತು. ಅಲ್ಲಿ ಫುಲ್ ಆಗಬೇಕಾದ್ದು ನೀರು. ಇಲ್ಲಿ ಫುಲ್ ಆಗುವುದು ಪಾರ್ಕಿಂಗ್ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಲಾಲ್‌ಬಾಗಿನ ಗೇಟು ದಾಟುತ್ತಲೇ ಅಳಿಯಂದಿರು ಮಾವನಿಗೆ ಇತಿಹಾಸ ಹೇಳಲು ತೊಡಗಿದರು. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ, ಟಿಪ್ಪು ಬೆಳೆಸಿದ, ಈಗ 240 ಎಕರೆ. ಎಕರೆಯ ಲೆಕ್ಕವೊಂದನ್ನು ಅವರು ಹೇಳಬಾರದಿತ್ತು. ನಮ್ಮನೆಯವರು ಅಡಿಕೆ ಬೆಳೆಗಾರರು.

“240 ಎಕರೆಯಾ? ಒಂದೇ ಕಡೆ?” ಎಂದು ನಿಂತಲ್ಲೇ ನಿಂತರು. ಅಲ್ಲಿಂದ ಮುಂದೆ ಅವರ ಕಣ್ಣಿಗೆ ಒಂದು ಗುಲಾಬಿಯೂ ಬೀಳಲಿಲ್ಲ. ಎಕರೆಗೆ ಐನೂರೈವತ್ತು ಸಸಿಯಂತೆ ಹಿಡಿದರೂ 1,32,000 ಅಡಿಕೆ ಮರ ನಿಲ್ಲುವ ಜಾಗ. ನಡುವೆ ಕೆರೆಯೂ ಇದೆ, ನೀರಿಗೆ ಬೋರು ಕೊರೆಸುವ ತಾಪತ್ರಯವಿಲ್ಲ. ಮರಮರಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿದರೆ ಅದು ಬೇರೆ. “ಆಯ್ತು, ಬಂಡೆ ಬಿದ್ದ ಜಾಗ ಕಳೀರಿ” ಎಂದು ನಾನು ನೆನಪಿಸಿದೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದು ರಾಷ್ಟ್ರೀಯ ಸ್ಮಾರಕ ಎಂದು ಅಳಿಯಂದಿರು ಬಹಳ ಗೌರವದಿಂದ ವಿವರಿಸಿದರು. ಇವರು ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಒಮ್ಮೆ ಸವರಿ, “ಅಡಿಕೆ ಒಣಗಿಸಕ್ಕೆ ಲಾಯಕ್ಕಾಗಿದೆ” ಅಂದರು. ಅದು ಇವರ ಬಾಯಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ. ಅಳಿಯಂದಿರಿಗೆ ಅದು ತಿಳಿಯಲಿಲ್ಲ.

ಇನ್ನೊಮ್ಮೆ ಆಗಸ್ಟಿನಲ್ಲಿ ಫಲಪುಷ್ಪ ಪ್ರದರ್ಶನಕ್ಕೇ ಹೋದೆವು. 1889ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ ಗಾಜಿನ ಮನೆಯೊಳಗೆ ಹೂವಿನಲ್ಲೇ ಏನೋ ಭಾರಿ ರಚನೆ ಮಾಡಿದ್ದರಂತೆ. ಜನ ಮೊಬೈಲು ಎತ್ತಿ ಹಿಡಿದಿದ್ದರು. ನಾನು ಅವರ ಮೊಬೈಲಿನಲ್ಲಿ ಅದನ್ನು ನೋಡಿದೆ. ಹತ್ತಿರದಿಂದ ಕಣ್ತುಂಬ ಕಂಡದ್ದು ನನ್ನ ಮುಂದಿದ್ದ ಹೆಂಗಸು ಮುಡಿದಿದ್ದ ಮಲ್ಲಿಗೆ ದಂಡೆಯನ್ನು. ಹೊರಗೆ ಬಂದಾಗ ಚಾಪೆ ಹಾಸಲು ಒಂದು ಗೇಣು ಹುಲ್ಲು ಸಿಗದೆ, ಎರಡು ಬೀದಿಯಾಚೆ ನಿಲ್ಲಿಸಿದ್ದ ಕಾರಿನೊಳಗೇ ಎ.ಸಿ. ಹಾಕಿಕೊಂಡು ಚಿತ್ರಾನ್ನ ತಿಂದೆವು. ಎದುರಿನ ಗಾಜಿನಲ್ಲಿ ಅರ್ಧ ಹೊಂಗೆಮರ ಕಾಣುತ್ತಿತ್ತು. “ಔಟಿಂಗ್ ಚೆನ್ನಾಗಾಯ್ತು” ಎಂದು ಮಗಳು ಅಲ್ಲಿಂದಲೇ ಮೂರು ಜನಕ್ಕೆ ಫೋಟೊ ಕಳಿಸಿದಳು.

ಕಬ್ಬನ್ ಪಾರ್ಕು ನನಗೆ ಇಷ್ಟ. 1870ರಲ್ಲಿ ಇಂಗ್ಲಿಷರ ಎಂಜಿನಿಯರ್ ಸ್ಯಾಂಕಿ ಮಾಡಿಸಿದ್ದಂತೆ. ಪುಣ್ಯಾತ್ಮನ ಕಾಲದ ಮರಗಳ ನೆರಳಲ್ಲಿ ಈಗಲೂ ತಣ್ಣಗೆ ಕೂರಬಹುದು. ಮೊಮ್ಮಗನಿಗೆ ಮಾತ್ರ ಅಲ್ಲಿ ಬಾಲಭವನದ ಪುಟಾಣಿ ರೈಲೊಂದೇ ಪ್ರಕೃತಿ. ಒಂದು ಶನಿವಾರ ನೂರಾರು ಜನ ಹುಲ್ಲಿನ ಮೇಲೆ ಅಲ್ಲಲ್ಲಿ ಒರಗಿಕೊಂಡು ಪಿಟ್ಟೆನ್ನದೆ ಪುಸ್ತಕ ಓದುತ್ತಿದ್ದರು. ನಮ್ಮನೆಯವರು ಪಿಸುದನಿಯಲ್ಲಿ, “ಯಾವ ಪರೀಕ್ಷೆಯೇ ಇದು?” ಎಂದು ಕೇಳಿದರು. ಪರೀಕ್ಷೆಯಲ್ಲ, ಸಂತೋಷಕ್ಕೆ ಓದುತ್ತಿದ್ದಾರೆ ಎಂದೆ. ಮನೆಯಲ್ಲಿ ಕುರ್ಚಿ ಇಲ್ಲದವರಿರಬೇಕು ಎಂದು ಅವರು ಮರುಕಪಟ್ಟರು.

ನಗುವುದು ಸುಲಭ. ಏಳನೇ ಮಹಡಿಯಲ್ಲಿ ಬೆಳೆಯುವ ಮಗುವಿಗೆ ಇರುವೆಯ ಸಾಲು ತೋರಿಸಬೇಕೆಂದರೂ ಲಿಫ್ಟು ಇಳಿದು, ಕಾರು ತೆಗೆದು, ಸಿಗ್ನಲ್ಲುಗಳನ್ನು ದಾಟಿ ಹೋಗಬೇಕು. ಹಾಗೆ ಹೋಗಿಯೂ ತೋರಿಸುತ್ತಾರಲ್ಲ, ಅದು ದೊಡ್ಡದು. ನಮ್ಮ ಕಡೆ ಇರುವೆ ಸಕ್ಕರೆ ಡಬ್ಬಿಗೇ ಬರುತ್ತದೆ. ಹಾಗಾಗಿ ಯಾರೂ ಅದನ್ನು ನೋಡುವುದಿಲ್ಲ, ಒರೆಸುತ್ತಾರೆ.

ನಮ್ಮ ಕಡೆಯವರ ಕಷ್ಟ ಬೇರೆ ಥರದ್ದು. ಹಸಿರಿನ ನಡುವೆಯೇ ಇದ್ದರೂ ನೆವವಿಲ್ಲದೆ ಹಸಿರಿನ ಹತ್ತಿರ ಸುಳಿಯುವ ಧೈರ್ಯ ನಮಗಿಲ್ಲ. ಚಂದ್ರಗುತ್ತಿ ಗುಡ್ಡ ಹತ್ತಬೇಕಾದರೆ ರೇಣುಕಾಂಬೆಗೆ ಹರಕೆ ಹೊತ್ತಿರಬೇಕು. ಬಳ್ಳಿಗಾವಿಗೆ ಹೋಗಬೇಕಾದರೆ ಮನೆಗೆ ನೆಂಟರು ಬಂದಿರಬೇಕು. ಕೆರೆಗೆ ಇಳಿಯಲು ಎಮ್ಮೆಯಾದರೂ ಬೇಕು, ಇಲ್ಲವೆ ಕೆರೆಬೇಟೆಯಾದರೂ ಇರಬೇಕು. ಬೇಸಿಗೆಯಲ್ಲಿ ನೀರು ಇಳಿದ ಕೆರೆಗೆ ಸುತ್ತೂರಿನ ಗಂಡಸರೆಲ್ಲ ಬಿದಿರಿನ ಕೂಣಿ ಹಿಡಿದು ಒಂದೇ ಸಲ ನುಗ್ಗುವ ಆ ಗದ್ದಲವನ್ನು ಯಾರಾದರೂ ಔಟಿಂಗ್ ಎಂದು ಕರೆದರೆ ಮೀನೂ ನಕ್ಕೀತು. ಗುಡವಿಯ ಪಕ್ಷಿಧಾಮ ನಮ್ಮ ತಾಲೂಕಿನದೇ. ಮಳೆಗಾಲಕ್ಕೆ ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆಗಳೆಲ್ಲ ಬಂದು ನೀರಲ್ಲಿ ನಿಂತ ಮರಗಳ ಮೇಲೆ ಸಂಸಾರ ಹೂಡುತ್ತವೆ. ಆದರೆ ನಮ್ಮ ಕೇರಿಯಲ್ಲಿ ಗುಡವಿ ನೋಡಿದವರಿಗಿಂತ ಕಾಶಿ ನೋಡಿದವರೇ ಹೆಚ್ಚು.

ಇಂಥ ಊರಿಗೆ ಒಂದು ಕ್ರಿಸ್‌ಮಸ್ ರಜೆಯಲ್ಲಿ ಅಳಿಯಂದಿರು ಬಂದು, ಕಾನು ನೋಡಬೇಕು ಎಂದರು. ಅವರು ಓದಿಕೊಂಡೇ ಬಂದಿದ್ದರು. ಸೊರಬದ ಕಾನುಗಳ ಮೇಲೆ ಬ್ರಾಂಡಿಸ್, ಗ್ರಾಂಟ್ ಎಂಬಿಬ್ಬರು 1868ರಲ್ಲೇ ವರದಿ ಬರೆದಿದ್ದಾರಂತೆ. ಆಗ ಈ ತಾಲೂಕೊಂದರಲ್ಲೇ 171 ಕಾನುಗಳಿದ್ದವಂತೆ. ಊರವರು ದೇವರ ಭಯದಿಂದ ಮರ ಕಡಿಯದೆ, ಮೆಣಸು, ಬಗನಿ ಅಂತ ಬೇಕಾದ್ದನ್ನಷ್ಟೇ ತಂದುಕೊಂಡು ಕಾಪಾಡಿದ ಕಾಡಂತೆ. ನಮ್ಮತ್ತೆ ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿಸಿಕೊಂಡರು.

“ಕಾನಿಗಾ? ಎಂತಕ್ಕೆ?”

“ಸುಮ್ಮನೆ ಅಜ್ಜಿ, ನೋಡ್ಕೊಂಡು ಬರೋಕೆ.”

“ಮುರುಗಲು ಹಣ್ಣಿನ ಕಾಲ ಅಲ್ಲ. ಸೊಪ್ಪು ತರೋಕೆ ನಿಮಗೆ ಕೊಟ್ಟಿಗೆ ಇಲ್ಲ. ಮತ್ತೆ ಎಂತ ನೋಡ್ತೀಯೋ ಮಾರಾಯ? ಎಣ್ಣೆ ಹಚ್ಕೊಂಡಿದ್ಯಾ?”

ಅಳಿಯಂದಿರು ಬಿಸಿಲಿನ ಕ್ರೀಮು ತೋರಿಸಿದರು. ಅತ್ತೆ ಕೇಳಿದ್ದು ಉಣುಗು ಹತ್ತದ ಹಾಗೆ ಆಸ್ಪತ್ರೆಯಲ್ಲಿ ಕೊಡುವ ಎಣ್ಣೆಯನ್ನು. ಉಣುಗಿನಿಂದ ಬರುವ ಮಂಗನ ಕಾಯಿಲೆ ಎಂದರೆ ಯಾವುದೆಂದು ಮೊಬೈಲಿನಲ್ಲಿ ಹುಡುಕಿದಾಗ ಅವರ ಮುಖ ನೋಡಬೇಕಿತ್ತು. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮದೇ ತಾಲೂಕಿನ ಕ್ಯಾಸನೂರಿನ ಕಾಡಲ್ಲಿ. ಲೋಕದ ವೈದ್ಯರೆಲ್ಲ ಇವತ್ತಿಗೂ ಆ ರೋಗವನ್ನು ಕರೆಯುವುದು ಆ ಕಾಡಿನ ಹೆಸರಲ್ಲೇ. ಊರು ಪ್ರಸಿದ್ಧವಾಗಲು ನೂರು ದಾರಿಗಳಿವೆ, ನಮ್ಮದು ಉಣುಗಿನ ಬೆನ್ನೇರಿ ಪ್ರಪಂಚ ಸುತ್ತಿತು. ಡಿಸೆಂಬರಿನಿಂದ ಬೇಸಿಗೆ ಮುಗಿಯುವ ತನಕ ಹೆಚ್ಚು ಹುಷಾರಾಗಿರಬೇಕು ಎಂಬ ಸಾಲಿಗೆ ಬಂದಾಗ ಅಳಿಯಂದಿರು ಕ್ಯಾಲೆಂಡರಿನ ಕಡೆ ನೋಡಿದರು. ಆ ದಿನ ಕಾನನ್ನು ಟಾರ್ ರಸ್ತೆಯ ಮೇಲೆ ನಿಂತು, ಕಾರಿನ ಬಾಗಿಲು ತೆರೆದಿಟ್ಟುಕೊಂಡು ನೋಡಿದ್ದಾಯಿತು.

ಆದರೂ ವರ್ಷದಲ್ಲಿ ಒಂದು ದಿನ ನಮ್ಮಲ್ಲೂ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಹಸಿರಿನ ನಡುವೆ ಕೂತು ಉಣ್ಣುತ್ತೇವೆ. ಅದು ಭೂಮಿ ಹುಣ್ಣಿಮೆ. ಭತ್ತ ಹೊಡೆ ತುಂಬಿ ನಿಂತಿರುವ ಹೊತ್ತು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದು ವಾರದಿಂದ ಭೂಮಣ್ಣಿ ಬುಟ್ಟಿ ತಯಾರಾಗುತ್ತದೆ. ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆ ಇಲ್ಲ. ಕೊಟ್ಟೆ ಕಡುಬು, ಚಿತ್ರಾನ್ನ, ಮೊಸರನ್ನ, ಹತ್ತಾರು ಬಗೆಯ ಸೊಪ್ಪು ಕೂಡಿಸಿ ಬೇಯಿಸಿದ ಹಚ್ಚಂಬಲಿ. ಬೆಳಕು ಹರಿಯುವ ಮೊದಲೇ ಗಂಡಸರು ಗದ್ದೆಗೆ ಹೋಗಿ ಕೂಗು ಹಾಕುತ್ತ ಹಚ್ಚಂಬಲಿ ಬೀರಿ ಬರುತ್ತಾರೆ. ಆಮೇಲೆ ಎಲ್ಲರ ಸವಾರಿ.

ದಸರಾ ರಜೆಯಿದ್ದ ವರ್ಷ ಮಗಳ ಮನೆಯವರೂ ಬಂದಿದ್ದರು. ನಸುಕಿಗೇ ಎದ್ದು ಟೋಪಿ ಹಾಕಿ ನಿಂತಿದ್ದ ಅಳಿಯಂದಿರು, “ಮಾವ, ಎಷ್ಟೊತ್ತಿಗೆ ಬಿಡೋದು? ಜಾಗ ಸಿಗುತ್ತಾ?” ಎಂದರು. ಇವರು ಒಂದು ಕ್ಷಣ ಯೋಚಿಸಿ, “ನಮ್ಮ ಗದ್ದೆಲಿ ನಮಗೆ ಸಿಗಬೈದು ಅನ್ಸುತ್ತೆ” ಎಂದರು. ಅಳಿಯಂದಿರು ಬದುವಿನ ಮೇಲೆ ಯೋಗದ ಚಾಪೆ ಹಾಸಿದರು. ಬದು ಒಂದೂವರೆ ಅಡಿ, ಚಾಪೆ ಎರಡಡಿ. ಉಳಿದರ್ಧ ಅಡಿ ಗದ್ದೆಯ ನೀರಿಗೆ ಇಳಿಬಿದ್ದಿತ್ತು, ಮೊಮ್ಮಗ ಸರಿಯಾಗಿ ಅದರ ಮೇಲೆಯೇ ಕೂತ. ಸೊಂಟದವರೆಗೆ ಕೆಸರಾಗಿ ಎದ್ದವನ ಮುಖದಲ್ಲಿ ಲಾಲ್‌ಬಾಗಿನಲ್ಲಿ ಎಂದೂ ಕಾಣದ ಕಳೆ ಇತ್ತು. ಒದ್ದೆ ಕಾಗದದ ಇಡೀ ಕಟ್ಟು ಅವನ ಎಡಗಾಲಿಗೇ ಮುಗಿಯಿತು. ಪೂಜೆಯಾಗಿ ಒಂದು ಕಡುಬನ್ನು ಗದ್ದೆಯಲ್ಲಿ ಹೂಳುವಾಗ, ಅದು ಯಾರಿಗೆ ಎಂದು ಕೇಳಿದ. ಭೂಮಿಗೆ ಎಂದೆ. “ಅವಳು ಚಟ್ನಿ ಕೇಳಲ್ವಾ?” ಎಂದ. ಅತ್ತೆ ಮಾತಾಡದೆ ಒಂದು ಚೂರು ಚಟ್ನಿಯನ್ನೂ ಜೊತೆಗೆ ಹಾಕಿ ಮಣ್ಣೆಳೆದರು.

ಊಟದ ನಡುವೆ ಎಂದಿನಂತೆ ಮೈದುನನಿಗೂ ಇವರಿಗೂ ಕಾಲುವೆ ನೀರಿನ ವಿಷಯಕ್ಕೆ ಜಗಳವಾಯಿತು, ಕಡುಬು ಬಡಿಸುವಾಗ ನಿಂತಿತು. ಅಳಿಯಂದಿರಿಗೆ ಇದು ಹೊಸದೇನಲ್ಲ. ಬನಶಂಕರಿಯಿಂದ ಹೊರಟ ಕಾರು ಸೌತ್ ಎಂಡ್ ಸರ್ಕಲ್ ತಲುಪುವುದರೊಳಗೆ ಅವರಲ್ಲೂ ಒಂದು ಆಗಿರುತ್ತದೆ.

ಮರುದಿನ ಶಿಕಾರಿಪುರದಲ್ಲಿ ನನ್ನ ಅಣ್ಣನ ಮನೆ. ಅಲ್ಲಾದರೂ ಉಣುಗಿನ ಭಯವಿಲ್ಲವೆಂದು ಅಳಿಯಂದಿರು ಬೆಳಗಾಗೆದ್ದು ಕೆರೆ ಏರಿಯ ಮೇಲೆ ಹೋದರು. ತಲೆಗೆ ಟೋಪಿ, ಕೊರಳಿಗೆ ದುರ್ಬೀನು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಉದ್ದ ಮೂತಿಯ ಕ್ಯಾಮೆರಾ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೇಬೆನ್ನೂರಿಗೆ ಹೋಗುವ ರೈಲು ದಾರಿಗೆ ಜಮೀನು ಹಿಡಿಯುವ ಮಾತು ಮನೆಮನೆಯಲ್ಲಿದ್ದ ಕಾಲ ಅದು. ಅರ್ಧ ಗಂಟೆಯಲ್ಲಿ ಏರಿಯ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು, ಇಬ್ಬರ ಕೈಯಲ್ಲಿ ಪಹಣಿ.

“ಸಾಹೇಬ್ರ, ನಮ್ ಹೊಲದಾಗ ಹಾದು ಹೋಕ್ಕತೇನ್ರಿ?”

“ಏನು ಹೋಗೋದು? ನಾನು ಹಕ್ಕಿ ನೋಡ್ತಾ ಇದ್ದೀನಿ.”

“ಹಕ್ಕಿ?”

“ಹೌದು, ಸುಮ್ಮನೆ.”

ಜನ ಮುಖ ಮುಖ ನೋಡಿಕೊಂಡರು. ಹಿರಿಯರೊಬ್ಬರು ಪಹಣಿಯನ್ನು ಮಡಚಿ ಜೇಬಿಗಿಟ್ಟರು. “ಆತ್ ಬಿಡ್ರಿ. ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ ಅನ್ರಿ. ಓದಿದೋರು ನೀವು, ಹಕ್ಕಿ ಪಕ್ಕಿ ಅಂತ ಯಾಕ್ ಸುಳ್ಳು ಹೇಳ್ತೀರಿ?”

ಸಂಜೆಯೊಳಗೆ ಅಣ್ಣನ ಮನೆಗೆ ಯಾರ ಯಾರ ಹೊಲದಿಂದಲೋ ಗೋವಿನಜೋಳದ ಹಸಿ ತೆನೆ, ಒಂದು ಬುಟ್ಟಿ ಸೌತೆಕಾಯಿ, ಗಿಂಡಿ ತುಂಬ ಬೆಣ್ಣೆ ಬಂದವು. ಅಳಿಯಂದಿರು ಎಷ್ಟು ಹೇಳಿದರೂ ಕೊಟ್ಟವರು ವಾಪಸು ಒಯ್ಯಲಿಲ್ಲ. ರಾತ್ರಿ ಊಟವಾಗಿ ಎಲ್ಲರೂ ಮಲಗಲು ಹೋದ ಮೇಲೆ ಅಣ್ಣ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ ಕೇಳಿದ: “ನನಗಾದ್ರೂ ಹೇಳು ತಂಗಿ, ನಮ್ಮ ಮೂರೆಕರೆ ಅದರಾಗ ಬರ್ತತೇನು?”