ಕೊಬ್ಬಿದ ಕುರಿಗಳ ಭಕ್ತ

ಪೂರ್ತಿ ಮಾತು ಮೀರುವವನನ್ನು ನಾನು ಹೇಗೋ ಸಹಿಸಿಕೊಂಡೇನು. ‘ಆಗೋದಿಲ್ಲ, ಹೋಗಯ್ಯ’ ಅಂತ ಮುಖಕ್ಕೇ ಹೇಳುತ್ತಾನೆ, ಲೆಕ್ಕ ಚುಕ್ತಾ. ಮುಕ್ಕಾಲು ಪಾಲು ಮಾತು ಕೇಳುವವನದೇ ಕಷ್ಟ. ಅವನು ಹಾರ ಹಾಕಿಸಿಕೊಳ್ಳಲು ಕೊರಳು ಚಾಚಿ ನಿಂತಿರುತ್ತಾನೆ! ಬೈಬಲಿನಲ್ಲಿ ಈ ವಂಶದ ಕುಲತಿಲಕ ಯಾರೆಂದು ಕೇಳಿದರೆ ನಾನು ಇಸ್ರಾಯೇಲಿನ ಮೊದಲ ಅರಸ ಸೌಲನನ್ನು ತೋರಿಸುತ್ತೇನೆ.

ಒಂದನೇ ಸಮುವೇಲ, 15ನೇ ಅಧ್ಯಾಯ. ಇಸ್ರಾಯೇಲಿನ ಹಳೆಯ ವೈರಿಗಳಾದ ಅಮಾಲೇಕ್ಯರನ್ನು ದನಕುರಿಗಳ ಸಮೇತ ನಿರ್ಮೂಲ ಮಾಡು, ಏನನ್ನೂ ಉಳಿಸಬೇಡ ಎಂದು ಪ್ರವಾದಿ ಸಮುವೇಲನ ಬಾಯಲ್ಲಿ ದೇವರ ಅಪ್ಪಣೆ. (ಅಪ್ಪಣೆಯೇ ಮೈ ನಡುಗಿಸುವಂಥದ್ದು, ಒಪ್ಪಿದೆ. ಆದರೆ ಸೌಲನಿಗೆ ಆ ನಡುಕವೇನೂ ಬಂದಂತಿಲ್ಲ. ಮನುಷ್ಯರನ್ನು ಕಡಿಯುವಾಗ ಏಳದ ಕರುಣೆ ಕೊಬ್ಬಿದ ಕುರಿಗಳನ್ನು ಕಂಡೊಡನೆ ಉಕ್ಕಿತು.) 2 ಲಕ್ಷ ಕಾಲಾಳು, ಮೇಲೆ ಯೆಹೂದದ 10,000 ಜನ. ಗೆದ್ದರು. ಅರಸ ಅಗಾಗನನ್ನು ಜೀವಸಹಿತ ಹಿಡಿದು ತಂದರು. ಒಳ್ಳೊಳ್ಳೆಯ ಕುರಿ, ಎತ್ತು, ಮರಿಗಳು ಉಳಿದವು. ಬಡಕಲು ಪ್ರಾಣಿಗಳ ವಿಷಯದಲ್ಲಿ ಮಾತ್ರ ದೇವರ ಮಾತನ್ನು ಚಾಚೂ ತಪ್ಪದೆ ಪಾಲಿಸಲಾಯಿತು.

ಇತ್ತ ಸಮುವೇಲ ರಾತ್ರಿಯಿಡೀ ದೇವರ ಮುಂದೆ ಗೋಳಾಡಿ, ಬೆಳಗೆದ್ದು ಹುಡುಕಿಕೊಂಡು ಹೊರಟರೆ, ಅರಸರು ಕರ್ಮೆಲಿನಲ್ಲಿ ತಮ್ಮದೇ ಜ್ಞಾಪಕಸ್ತಂಭ ನಿಲ್ಲಿಸಿ ಮುಂದಕ್ಕೆ ಹೋದರೆಂಬ ಸುದ್ದಿ! ಗಿಲ್ಗಾಲಿನಲ್ಲಿ ಸಿಕ್ಕಾಗ ಮೊದಲು ಬಾಯಿ ತೆರೆದವನು ಸೌಲನೇ: ನಿಮಗೆ ಆಶೀರ್ವಾದವಾಗಲಿ, ದೇವರ ಅಪ್ಪಣೆ ನೆರವೇರಿಸಿದ್ದೇನೆ ಅಂದ. ಹಿಂದೆ ಕುರಿಗಳು ಅರಚುತ್ತಿದ್ದವು. ಹಾಗಾದರೆ ಈ ಸದ್ದೇನು ಅಂತ ಮುದುಕ ಕೇಳಿದ್ದೇ ತಡ, ಉತ್ತರ ಸಿದ್ಧವಾಗಿತ್ತು. ಉಳಿಸಿಕೊಂಡದ್ದು ಜನರಂತೆ, ನಾಶಮಾಡಿದ್ದು ನಾವಂತೆ. ಉಳಿಸಿದ್ದಾದರೂ ಯಾಕೆ? ದೇವರಿಗೆ ಯಜ್ಞ ಮಾಡೋದಕ್ಕೆ! ದೇವರು ಬೇಡವೆಂದದ್ದನ್ನೇ ದೇವರಿಗೆ ಕಾಣಿಕೆ ಕೊಡುವ ಈ ಉಪಾಯದ ಮುಂದೆ ಯಾವ ವಕೀಲನೂ ತಲೆಬಾಗಬೇಕು. ಸಮುವೇಲ ಬಾಗಲಿಲ್ಲ. ಯಜ್ಞಕ್ಕಿಂತ ಮಾತು ಕೇಳುವುದೇ ಮೇಲು ಎಂದು ಕಡ್ಡಿ ಮುರಿದಂತೆ ಹೇಳಿದ. ಅಲ್ಲಿಗೆ ಅರಸುತನ ಹೋಯಿತು. ಪಾಪ ಮಾಡಿದೆ ಅಂತ ಒಪ್ಪಿಕೊಂಡ ಮೇಲೂ ಸೌಲ ಬೇಡಿದ್ದೇನು ಗೊತ್ತೇ? ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸಿ ಅಂತ.

ಈ ವಿದ್ಯೆಗೆ ಸೌಲನಿಗಿಂತ ಹಳೆಯ ಗುರು ಐಗುಪ್ತದ ಫರೋಹ. ಇಸ್ರಾಯೇಲ್ಯರನ್ನು ದೇವರಿಗೆ ಯಜ್ಞ ಮಾಡಲು ಕಳುಹಿಸು ಎಂದು ಅವರ ಮುಂದಾಳು ಮೋಶೆ ಬಂದು ನಿಂತರೆ, ಇವನು ಸಂತೆಯ ಕೊನೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವವನ ಹಾಗೆ ಇಳಿಯುತ್ತಾ ಬಂದ. ಯಜ್ಞ ಇಲ್ಲೇ ಮಾಡಿ. ಸರಿ, ಹೋಗಿ, ಬಹಳ ದೂರ ಬೇಡ. ಗಂಡಸರು ಮಾತ್ರ ಹೋಗಿ. ಎಲ್ಲರೂ ಹೋಗಿ, ದನಕುರಿ ಬಿಟ್ಟುಹೋಗಿ. ನಮ್ಮಂಥವರಾಗಿದ್ದರೆ ಮೂರನೆಯ ಮಾತಿಗೇ ಕೈಕುಲುಕಿ, ‘ಪರವಾಗಿಲ್ಲ, ಒಳ್ಳೆ ಮನುಷ್ಯ’ ಅನ್ನುತ್ತಿದ್ದೆವು. ಮೋಶೆ ಒಂದು ಗೊರಸನ್ನೂ ಬಿಡುವುದಿಲ್ಲ ಅಂದ.

ಸೌಲನಿಗೆ ಎಷ್ಟೋ ಕಾಲದ ಮೇಲೆ ಇಸ್ರಾಯೇಲಿನ ಅರಸನಾದ ಯೇಹುವಿನದಂತೂ ಇನ್ನೂ ಸೊಗಸು. ಬಾಳನೆಂಬ ಪರದೇವರ ಪೂಜಾರಿಗಳನ್ನು ಕೊಂದು, ಗುಡಿ ಕೆಡವಿ, ಅದನ್ನು ಪಾಯಿಖಾನೆ ಮಾಡಿದ. ಅಷ್ಟು ಉತ್ಸಾಹ! ಆದರೆ ಬೇತೇಲ್, ದಾನ್ ಊರುಗಳ ಚಿನ್ನದ ಬಸವಗಳನ್ನು ಮುಟ್ಟಲಿಲ್ಲ. ಅವನ್ನು ಹಿಂದೆ ಆಳಿದ ಅರಸ ಯಾರೊಬ್ಬಾಮ ನಿಲ್ಲಿಸಿದ್ದೇ ಜನ ಪೂಜೆಗೆಂದು ಯೆರೂಸಲೇಮಿಗೆ ಹೋಗಿ ಅಲ್ಲಿಯ ಅರಸನ ಪಾಲಾಗದಿರಲಿ ಅಂತ. ಆ ಲೆಕ್ಕಾಚಾರ ಯೇಹುವಿನ ಕುರ್ಚಿಗೂ ಬೇಕಾಗಿತ್ತೇನೋ. ಪರರ ದೇವರನ್ನು ಒಡೆಯುವ ಉತ್ಸಾಹ ಸ್ವಂತ ಕುರ್ಚಿಯ ಕಾಲಿನವರೆಗೆ ಬಂದಾಗ ಯಾಕೋ ಸುಸ್ತಾಗುತ್ತದೆ.

ಅಂದಹಾಗೆ, ಮುಗಿದರೆಂದು ಸೌಲ ಹೇಳಿದ ಆ ಅಮಾಲೇಕ್ಯರು ಮುಂದೆ ಚಿಕ್ಲಗ್ ಊರನ್ನು ಸುಟ್ಟು ಸೌಲನ ಬಳಿಕ ಅರಸನಾದ ದಾವೀದನ ಹೆಂಡಿರನ್ನು ಎತ್ತಿಕೊಂಡು ಹೋದರು. ಸೌಲ ಗಿಲ್ಬೋವ ಬೆಟ್ಟದಲ್ಲಿ ಬಿದ್ದಾಗ, ನಾನೇ ಕೊಂದೆ ಎಂದು ಅವನ ಕಿರೀಟ ಹಿಡಿದು ದಾವೀದನ ಬಳಿಗೆ ಓಡಿಬಂದವನೂ ಒಬ್ಬ ಅಮಾಲೇಕ್ಯ. ಅವನು ಹೇಳಿದ್ದು ನಿಜವೋ, ಬಹುಮಾನದ ಆಸೆಗೆ ಬಿಟ್ಟ ಬುರುಡೆಯೋ, ಅದು ಬೇರೆಯೇ ಹರಟೆ.