ಹಸಿರು ಶೀಶೆಯ ರಸಮೀಮಾಂಸೆ: ಒಂದು ಅಂತರಶಿಸ್ತೀಯ ಪ್ರವೇಶಿಕೆ

ಪ್ರಸ್ತುತ ಪ್ರಬಂಧವು ಬೆಂಗಳೂರಿನ ಶ್ರೀನಗರದ ಕಾಳಿದಾಸ ಬಡಾವಣೆಯ ಪರಿಪ್ರೇಕ್ಷ್ಯದಲ್ಲಿ ಎರಡು ಬಿಯರುಗಳನ್ನು ತೌಲನಿಕ, ರಾಚನಿಕ ಹಾಗೂ ರಸತಾತ್ವಿಕ ನೆಲೆಗಳಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನ. ಅಧಮ ಬಿಯರನ್ನು ‘ಕ’ ಎಂದೂ ಉತ್ತಮವನ್ನು ‘ಖ’ ಎಂದೂ ಸಂಕೇತಿಸಲಾಗಿದೆ. ಪ್ರಯೋಗಾಲಯ: ತಾರಸಿ, ನೀರಿನ ಟ್ಯಾಂಕಿನ ಮರೆ.

ಪೂರ್ವಸೂರಿಗಳ ಸ್ಮರಣೆ. ಮಾರ್ಟನ್ ಮೈಲ್‌ಗಾರ್ಡ್ 1970ರ ದಶಕದಲ್ಲಿ ಬಿಯರಿನ ರುಚಿಚಕ್ರ ರೂಪಿಸಿ ರುಚಿ, ವಾಸನೆಗಳನ್ನು 14 ವರ್ಗಗಳಲ್ಲಿ ಕೂರಿಸಿದರು. ಭರತಮುನಿ ಎಂಟೇ ರಸಗಳಲ್ಲಿ ಮುಗಿಸಿದ್ದ. ನಮ್ಮ ನಗರದ ಟೇಸ್ಟಿಂಗ್ ಸಂಜೆಗಳಲ್ಲಿ ಮಾತ್ರ ವರ್ಗಗಳಿಗೆ ಕೊನೆಯಿಲ್ಲ. “ಮೊದಲು ಕಿತ್ತಳೆ ಸಿಪ್ಪೆ, ಆಮೇಲೆ ಒದ್ದೆ ಮಣ್ಣು, ಕೊನೆಗೆ ಒಂಥರಾ ವಿಷಾದ” ಎಂದು ಗಡ್ಡಧಾರಿಯೊಬ್ಬರು ಕಣ್ಣು ಮುಚ್ಚಿ ಹೇಳಿದ್ದನ್ನು ಕೂತು ಕೇಳಿದ್ದೇನೆ. ದುಡ್ಡು ಕೊಟ್ಟು.

ಆಲಂಬನ ವಿಭಾವ: ಶೀಶೆ. ಉದ್ದೀಪನ ವಿಭಾವ: ಕಾಂಗ್ರೆಸ್ ಕಡ್ಲೆಬೀಜ. ‘ಕ’ದ ಅನುಭಾವವೆಂದರೆ ಮುಖ ಕಿವುಚುವುದು ಮತ್ತು “ಏನ್ ಗುರೂ ಇದು” ಎಂಬ ವಾಚಿಕ, ಸ್ಥಾಯಿ ಜುಗುಪ್ಸೆ, ರಸ ಬೀಭತ್ಸ. ‘ಖ’ದ ರಸ ಶಾಂತ. ಇದು ಭರತನ ಎಂಟರಲ್ಲಿಲ್ಲ, ಆಮೇಲೆ ಸೇರಿದ್ದು. ಸೇರಿಸಿದವರಿಗೆ ಏನೋ ಅನುಭವ ಆಗಿರಬೇಕು. ಇನ್ನು ಸಂಚಾರಿ ಭಾವಗಳು 33: ನಿರ್ವೇದ, ಗ್ಲಾನಿ, ಶಂಕೆ, ಅಸೂಯೆ, ಮದ... ಸಾಕು, ಬೇಕಾದ್ದು ಬಂತು. ಅಷ್ಟನ್ನೂ ಬರೆಯುತ್ತ ಕೂತರೆ ‘ಖ’ ಬಿಸಿಯಾಗುತ್ತದೆ.

ಇಷ್ಟಕ್ಕೂ ‘ಕ’ ಮತ್ತು ‘ಖ’ ಒಂದೇ ಬಿಯರ್. ಅದೇ ಕಂಪನಿ, ಅದೇ ಹಸಿರು ಬಾಟ್ಲಿ, ಅದೇ ಎಂ.ಆರ್.ಪಿ. ‘ಖ’ ಕತ್ತಲೆಯ ಫ್ರಿಜ್ಜಿನಲ್ಲಿತ್ತು. ‘ಕ’ ಇನ್ನೊಂದು ಅಂಗಡಿಯಲ್ಲಿ, ಪಡುವಣ ಬಿಸಿಲು ನೇರ ಬೀಳುವ ಶೋಕೇಸಿನಲ್ಲಿ ನಿಂತಿತ್ತು. ಹಾಪ್ಸ್ ಹೂವಿನ ಕಹಿಯ ಅಂಶ ಬೆಳಕಿಗೆ ಒಡೆಯುತ್ತದೆ, ಗಂಧಕದ ಜೊತೆ ಸೇರಿ ನಾರುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜಿಗೆ ಅದು ಆಗದು. ಸೆಕೆಯಲ್ಲಿ ತಿಂಗಳುಗಟ್ಟಲೆ ಇಟ್ಟರಂತೂ ರಟ್ಟು ನೆನೆಸಿದ ನೀರಿನ ರುಚಿ. ಇದನ್ನು ತಪ್ಪಿಸಲು ರಸಸಿದ್ಧಾಂತ ಬೇಡ, ಒಂದು ಪರದೆ ಸಾಕು.

ಆ ಪರದೆಯೂ ಸಿಗದ ಬಿಯರಿನ ಮೇಲೆ ಕರ್ನಾಟಕದ ಹೆಚ್ಚುವರಿ ಅಬಕಾರಿ ಸುಂಕ 2023ರಲ್ಲಿ ಶೇ. 175ರಿಂದ 185ಕ್ಕೆ ಏರಿತು, ಮರುವರ್ಷ 195ಕ್ಕೆ. ಅದನ್ನು ಕೊಡುವವನು ಗಾರೆ ಕೆಲಸ ಮುಗಿಸಿ ಬಂದು, ಕಂಬಿಯ ಸಂದಿಯಲ್ಲಿ ನೋಟು ಚಾಚಿ, “ಅಣ್ಣಾ, ಚಿಲ್ಡ್ ಇದ್ರೆ ಕೊಡಿ” ಅನ್ನುವವನು. “ಕರೆಂಟಿಲ್ಲ, ಬೇಕಾದ್ರೆ ತಗೋ, ಇಲ್ಲಾಂದ್ರೆ ಜಾಗ ಬಿಡು.” ದಿನದ ಕೂಲಿಯ ಒಂದು ಪಾಲು ತೆತ್ತವನಿಗೆ ಈ ಮಾತು! ಹಾಲು ಒಡೆದರೆ ಬೂತಿನ ಮುಂದೆ ರಂಪ ಮಾಡುವ ನಮ್ಮ ಬೀದಿಯಲ್ಲಿ ನಾರುವ ಬಿಯರಿಗೆ ಒಬ್ಬರೂ ದನಿ ಎತ್ತುವುದಿಲ್ಲ. ಎತ್ತಿದರೆ ಕುಡಿಯುವ ವಿಷಯ ಮನೆಗೆ ಗೊತ್ತಾಗುತ್ತದಲ್ಲ! ಅಂಗಡಿಯವನಿಗೂ ಅದು ಗೊತ್ತು. ಬಾಟ್ಲಿಯನ್ನು ಪೇಪರಿನಲ್ಲಿ ಸುತ್ತಿ ಕೊಡುವವನು ಅವನೇ ತಾನೆ.

ಆಕರ ಸಾಮಗ್ರಿ: ‘ಕ’ ಮುಕ್ಕಾಲು ಬಾಟ್ಲಿ ಉಳಿದಿದೆ, ಆಸಕ್ತ ಸಂಶೋಧಕರು ಒಯ್ಯಬಹುದು. ‘ಖ’ ಲಭ್ಯವಿಲ್ಲ.