ಕೆರೆ ಕಾಣುವ ಖೋಲಿ

ಬೆಂಗಳೂರಲ್ಲಿರುವ ನಮ್ಮಕ್ಕನ ಮಗ ಹೋದ ಚಳಿಗಾಲದಲ್ಲಿ ಫೋನ್ ಮಾಡಿ, "ಮಾಮಾ, ನಿಮ್ಮ ಕಡೆ ಲೇಕ್ ವ್ಯೂ ಇರೋ ರೆಸಾರ್ಟ್ ಒಂದು ನೋಡಿಡಿ. ಎರಡು ದಿನ ಏನೂ ಮಾಡದೆ ಸುಮ್ನೆ ಕೂತ್ಕೋಬೇಕು" ಅಂದ. ಏನೂ ಮಾಡದೆ ಕೂಡುವುದಕ್ಕೂ ರೊಕ್ಕ ಕೊಡುವ ಕಾಲ ಬಂತೇ ಅಂತ ನನಗೆ ಸೋಜಿಗವಾಯಿತು. ನಮ್ಮ ಐಹೊಳೆಯ ಕಟ್ಟೆಗಳ ಮೇಲೆ ಈ ಕೆಲಸವನ್ನು ತಲತಲಾಂತರದಿಂದ ಪುಕ್ಕಟೆಯಾಗಿ, ಬಹಳ ನಿಷ್ಠೆಯಿಂದ, ನಡೆಸಿಕೊಂಡು ಬಂದವರು ನಾವು. ನನ್ನ ಹೆಂಡತಿಯ ಪ್ರಕಾರ ಈ ಪರಂಪರೆಯ ಈಗಿನ ಮಠಾಧಿಪತಿ ನಾನೇ.

ಊರಲ್ಲಿ ಕೆರೆಯ ನೋಟ ಇಲ್ಲ, ಹೊಳೆ ಇದೆ. ಮಲಪ್ರಭೆಯನ್ನು ನೋಡಲು ನಾವು ಹೋಗಬೇಕೆಂದೇನೂ ಇಲ್ಲ. 2019ರ ಆಗಸ್ಟಿನಲ್ಲಿ ಅವಳೇ ನಮ್ಮನ್ನು ನೋಡಲು ಬಂದಿದ್ದಳು, ಹಾದಿಯಲ್ಲಿ ಪಟ್ಟದಕಲ್ಲಿನ ಗುಡಿಗಳನ್ನೂ ಮಾತಾಡಿಸಿಕೊಂಡು. ಇನ್ನು ವಸತಿ. ಈಗ ಎಲ್ಲರೂ ಹೋಮ್‌ಸ್ಟೇ ಹೋಮ್‌ಸ್ಟೇ ಅನ್ನುತ್ತಾರಲ್ಲ, ಅದರ ಮೂಲಪುರುಷ ನಮ್ಮ ಊರಿನವನು. ಲಾಡ್ ಖಾನ್ ಅನ್ನುವ ಮನುಷ್ಯ ಇಲ್ಲೊಂದು ಚಾಲುಕ್ಯರ ಗುಡಿಯಲ್ಲಿ ಸಂಸಾರ ಹೂಡಿದ್ದ. ಗುಡಿ ಕಟ್ಟಿಸಿದ ದೊರೆ ಯಾರೋ, ಗರ್ಭಗುಡಿಯೊಳಗಿನ ದೇವರು ಯಾವುದೋ, ಹೆಸರು ಮಾತ್ರ ಬಾಡಿಗೆ ಕೊಡದೆ ಇದ್ದವನದೇ ಉಳಿಯಿತು. ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ ಎಲ್ಲದಕ್ಕೂ ಹೀಗೆ ಓಣಿಯ ಮಂದಿಯ ಹೆಸರೇ. ಮೇಗುತಿ ಗುಡಿಯ ಗೋಡೆಯ ಮೇಲೆ ಮಾತ್ರ ರವಿಕೀರ್ತಿ 634ರಲ್ಲೇ ಮುಂಜಾಗ್ರತೆ ವಹಿಸಿ, ಇದನ್ನು ಕಟ್ಟಿಸಿದವನು ನಾನು, ಕವಿತ್ವದಲ್ಲಿ ಕಾಳಿದಾಸ ಭಾರವಿಯರ ಸರಿಸಮಾನ ಅಂತ ತಾನೇ ಕೆತ್ತಿಸಿಟ್ಟ. ವಿಮರ್ಶಕರ ಮೇಲೆ ಅವನಿಗೆ ಭರವಸೆ ಇರಲಿಲ್ಲ ಅಂತ ಕಾಣುತ್ತದೆ. ರೊಕ್ಕ ಇದ್ದಿದ್ದರೆ ನಾನೂ ಪ್ರಬಂಧ ಬರೆಯುತ್ತ ಕೂಡುತ್ತಿರಲಿಲ್ಲ, ಕಲ್ಲುಕುಟಿಗರನ್ನು ಕರೆಸುತ್ತಿದ್ದೆ.

ಇರಲಿ, ಕೆರೆಯ ಮಾತಿಗೆ ಬರೋಣ. ಕೆರೆ ಬೇಕೆಂದರೆ ಬಾದಾಮಿಗೇ ಹೋಗಬೇಕು. ಎರಡು ಕೆಂಪು ಗುಡ್ಡ, ನಡುವೆ ಅಗಸ್ತ್ಯತೀರ್ಥ, ಮೂಡಣ ದಂಡೆಗೆ ಭೂತನಾಥನ ಗುಡಿ, ಪಡುವಣಕ್ಕೆ ಊರು. ಮಳೆಗಾಲದಲ್ಲಿ ಗುಡ್ಡದ ನೆತ್ತಿಯಿಂದ ಅಕ್ಕ-ತಂಗಿ ಜಲಪಾತ ಬೇರೆ. ಪೇಟೆಯವರು ಕೋಟಿ ಸುರಿದು ಕಟ್ಟಿಸಿಕೊಳ್ಳುವ ಏರ್ಪಾಡೆಲ್ಲ ಇಲ್ಲಿ ಮೊದಲಿಂದಲೂ ಉಂಟು. ಅತಿಥಿ ಸತ್ಕಾರದ ಚರಿತ್ರೆ ಮಾತ್ರ ಸ್ವಲ್ಪ ಅಂಜಿಕೆ ಹುಟ್ಟಿಸುವಂಥದ್ದು. ವಾತಾಪಿ-ಇಲ್ವಲರೆಂಬ ಅಣ್ಣತಮ್ಮಂದಿರು ಬಂದವರನ್ನು ಊಟಕ್ಕೆ ಕರೆಯುತ್ತಿದ್ದರು. ತಮ್ಮ ವಾತಾಪಿಯೇ ಟಗರಾಗಿ ಎಲೆಗೆ ಬರುತ್ತಿದ್ದ, ಉಂಡ ಮೇಲೆ ಅಣ್ಣ ಕೂಗಿದರೆ ಅತಿಥಿಯ ಹೊಟ್ಟೆ ಸೀಳಿ ಹೊರಗೆ ಜಿಗಿಯುತ್ತಿದ್ದ. ಅಗಸ್ತ್ಯರು ಬಂದರು, ಉಂಡರು, ಹೊಟ್ಟೆ ಸವರಿಕೊಂಡರು, ಮುಗಿಯಿತು. ಪಚನವಾದವನ ಹೆಸರು ಊರಿಗೆ, ಪಚನ ಮಾಡಿಕೊಂಡವರ ಹೆಸರು ಕೆರೆಗೆ. ಖಾನಾವಳಿಯ ಜಗಳ ಇಷ್ಟು ನ್ಯಾಯವಾಗಿ ತೀರ್ಮಾನವಾದದ್ದು ನಾನು ಬೇರೆಲ್ಲೂ ಕೇಳಿಲ್ಲ.

ಮುಂದೆ ಬಂದವರೂ ಕಡಿಮೆಯವರಲ್ಲ. 543ರಲ್ಲಿ ಒಂದನೆಯ ಪುಲಕೇಶಿ ಗುಡ್ಡಕ್ಕೆ ಕೋಟೆ ಕಟ್ಟಿ ನೆಲೆಸಿದ. 642ರಲ್ಲಿ ಪಲ್ಲವರ ನರಸಿಂಹವರ್ಮ ಕಂಚಿಯಿಂದ ದಂಡೆತ್ತಿ ಬಂದು, ಬಂದ ಗುರುತಿಗೆ ಬಂಡೆಯ ಮೇಲೆ ಬರೆಸಿದ. ಒಂದನೆಯ ವಿಕ್ರಮಾದಿತ್ಯ ಎಬ್ಬಿಸಿ ಕಳಿಸುವ ತನಕ ಸುಮಾರು ಹದಿಮೂರು ವರ್ಷ ಪಲ್ಲವರು ಜಾಗ ಬಿಡಲಿಲ್ಲ. ಮನೆಗೆ ಬಂದ ನೆಂಟರು ಹದಿಮೂರು ದಿನ ನಿಂತರೆ ನಮಗೆ ಜ್ವರ ಬರುತ್ತದೆ. ಹೋಗುವಾಗ ಇಲ್ಲಿಯ ಗಣಪತಿಯನ್ನೂ ಒಯ್ದರೆಂದು ಪ್ರತೀತಿ. ಸಂಗೀತ ಕಚೇರಿ ಶುರುವಾದ ಕೂಡಲೇ ದಕ್ಷಿಣದವರು ಹಾಡುವ ದೀಕ್ಷಿತರ ಕೃತಿಯಲ್ಲಿರುವ ವಾತಾಪಿ ಗಣಪತಿ ಅವನೇ ಅನ್ನುತ್ತಾರೆ. 700ರ ಸುಮಾರಿಗೆ ಕೆರೆಯ ಹತ್ತಿರದ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನ ಬಿತ್ತು. ತಂಟೆಗೆ ಬಂದವರ ಗತಿ ಏನಾದೀತು ಅಂತ ತ್ರಿಪದಿಯಲ್ಲಿ ಎಚ್ಚರಿಕೆ! ಕನ್ನಡದ ಹಳೆಯ ತ್ರಿಪದಿ ಅಂತ ನಾವು ಹೆಮ್ಮೆಯಿಂದ ತೋರಿಸುವುದು ಒಬ್ಬನ ಗದರಿಕೆಯನ್ನು. ಆದರೂ ಬರುವವರು ಬಂದರು. 1786ರಲ್ಲಿ ಟಿಪ್ಪುವಿನ ಕೈಯಿಂದ ಮರಾಠರು ಕಿತ್ತುಕೊಂಡರು, 1818ರಲ್ಲಿ ಇಂಗ್ಲಿಷರ ಮನ್ರೋ ಸಾಹೇಬ ಅವರ ಕೈಯಿಂದ. 1840ರ ಸುಮಾರಿಗೆ ಕಣ್ಣು ಕಾಣದ ನರಸಿಂಹ ದತ್ತಾತ್ರೇಯ ಪೆಟಕರ ಎಂಬಾತ ಅರಬ ದಂಡಾಳುಗಳನ್ನು ಕಟ್ಟಿಕೊಂಡು ಬಂದು, ಇಂಗ್ಲಿಷರ ಕಣ್ಣ ಮುಂದೆಯೇ ಊರನ್ನು ಹಿಡಿದು ಕೆಲವು ದಿವಸ ಆಳಿದ. ಈ ಒಬ್ಬನ ಮೇಲೆ ಯಾರೂ ಸಿನಿಮಾ ತೆಗೆದಿಲ್ಲವಲ್ಲ ಅಂತ ನನ್ನ ಹೊಟ್ಟೆಯುರಿ.

ಅಳಿಯ ಹೆಂಡತಿ ಸಮೇತ ಬಂದಿಳಿದ. ಇಷ್ಟನ್ನೂ ಅವನಿಗೆ ಕೆರೆಯ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದೆ. ಆತ ಸೆಲ್ಫಿಗೆ ಜಾಗ ಹುಡುಕುತ್ತಿದ್ದ. ಕೆಳಗೆ ಹೆಣ್ಣುಮಕ್ಕಳು ಸಾಲಾಗಿ ಕೂತು ಬಟ್ಟೆ ಒಗೆಯುತ್ತಿದ್ದರು. ಒಗೆತದ ಸಪ್ಪಳ ಆಚೆ ಗುಡ್ಡಕ್ಕೆ ಹೋಗಿ ತಿರುಗಿ ಬರುತ್ತಿತ್ತು. "ಏ ತಮ್ಮಾ, ಹಿಂದ ಸರಿ, ನೀರು ಸಿಡಿತಾವು" ಅಂದಳು ಒಬ್ಬ ಅವ್ವ. ಚಾಲುಕ್ಯ, ಪಲ್ಲವ, ಮರಾಠ, ಇಂಗ್ಲಿಷ ಎಲ್ಲರೂ ಹಿಂದೆ ಸರಿದರು, ಅವಳು ಕೂತ ಕಲ್ಲು ಬಿಟ್ಟಿಲ್ಲ. ನಾನು ಈ ಮಾತನ್ನು ಕೈ ಎತ್ತಿ, ತುಸು ಗಂಭೀರವಾಗಿ, ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಹಿಂದಿನಿಂದ ಮಂಗ ಬಂದು ಕೈಚೀಲ ಕಸಿದುಕೊಂಡಿತು. ಒಳಗೆ ಅಮೀನಗಡದ ಕರದಂಟು ಇತ್ತು, ಅದೂ ಗೋಡಂಬಿ ಹೆಚ್ಚಿಗೆ ಹಾಕಿದ್ದು. ಮಂಗ ಎದುರಿನ ಗೋಡೆಯೇರಿ, ನನ್ನನ್ನೇ ನೋಡುತ್ತ, ಪೊಟ್ಟಣ ಬಿಚ್ಚಿ, ಅಂಟನ್ನು ಬೆರಳಿಂದ ನೆಕ್ಕಿ ನೆಕ್ಕಿ ತಿಂದಿತು. ಒಗೆಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನಕ್ಕರು. ಇತಿಹಾಸಕ್ಕೆ ಸಿಗದ ಸಭಿಕರು ಕರದಂಟಿಗೆ ಸಿಕ್ಕರು.

ಹೊಟ್ಟೆ ತಣ್ಣಗಾಗಲಿ ಅಂತ ಮೇಣಬಸದಿ ಹತ್ತಿದೆವು. ಮೂರನೆಯ ಗುಹೆಯಲ್ಲಿ ನನಗೆ ಥಟ್ಟನೆ ಹೊಳೆಯಿತು: ಅಳಿಯ ಕೇಳಿದ ಖೋಲಿ ಇದೇ! 578ರಲ್ಲಿ ಮಂಗಳೇಶ ವಿಷ್ಣುವಿಗಾಗಿ ಕೊರೆಸಿದ್ದು. ಜಗಲಿಗೆ ಬಂದರೆ ಊರು, ಕೆರೆ, ಎದುರು ಗುಡ್ಡ. ಒಳಗೆ ಅನಂತನ ಸುರುಳಿಯ ಮೇಲೆ ವಿಷ್ಣು ಆರಾಮಾಗಿ ಕೂತಿದ್ದಾನೆ. ಸಾವಿರದ ನಾನೂರು ವರ್ಷದ ಮೇಲಾಯಿತು, ಏನೂ ಮಾಡದೆ ಕೂತಿದ್ದಾನೆ. ಬಿಲ್ಲು ಕೊಟ್ಟು ಎಬ್ಬಿಸುವ ಮ್ಯಾನೇಜರು ಇನ್ನೂ ಹುಟ್ಟಿಲ್ಲ. ಅಳಿಯ ಬಹಳ ಹೊತ್ತು ಅವನನ್ನೇ ನೋಡಿ, "ಮಾಮಾ, ಇವರಿಗೆ ವೀಕೆಂಡ್ ಮುಗಿಯೋದೇ ಇಲ್ವಾ?" ಅಂದ. ಅಳಿಯನಲ್ಲಿ ನಮ್ಮ ಮನೆತನದ ರಕ್ತ ಇದೆ ಅಂತ ಆಗ ಖಾತ್ರಿಯಾಯಿತು.

ಮಹಾಕೂಟಕ್ಕೂ ಕರೆದೊಯ್ದೆ. ಅಲ್ಲಿಯ ಪುಷ್ಕರಿಣಿಯಲ್ಲಿ ಊಟೆಯ ನೀರು, ಗುಡಿಯ ಅಂಗಳದಲ್ಲೇ ಹುಡುಗರ ಈಸು. ಆದರೆ ನಮ್ಮ ಸೀಮೆಯ ಮಂದಿಗೆ ನೀರಿನ ದಂಡೆಯ ವಿಹಾರ ಅಂದರೆ ಬನಶಂಕರಿಯೇ. ಬಾದಾಮಿಯಿಂದ ಐದು ಕಿಲೋಮೀಟರ್. ಗುಡಿಯ ಮುಂದೆ ಹರಿದ್ರಾತೀರ್ಥ, ಸುತ್ತಲೂ ಕಲ್ಲಿನ ಮಂಟಪಗಳು. ಹೊಂಡದಲ್ಲಿ ನೀರು ಎಲ್ಲಾ ವರ್ಷವೂ ಇರುವುದಿಲ್ಲ, ಜನ ಮಾತ್ರ ತಪ್ಪದೆ ತುಂಬುತ್ತಾರೆ. ಬನದ ಹುಣ್ಣಿಮೆಗೆ ತೇರು. ತಾಯಿ ಶಾಕಂಬರಿಯಾದ್ದರಿಂದ ಪಲ್ಯದ ಹಬ್ಬದಲ್ಲಿ ನೂರೆಂಟು ಬಗೆ ಪಲ್ಯದ ನೈವೇದ್ಯ. ನಮ್ಮ ಮನೆಯಲ್ಲಿ ಮೂರನೆಯ ಪಲ್ಯ ಕೇಳಿದರೆ ಆಗುವ ಗಲಾಟೆ ಇಲ್ಲಿ ಬೇಡ. ಮಂಟಪದ ನೆರಳಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ರೊಟ್ಟಿ, ಕೆಂಪು ಚಟ್ನಿ, ಕುಡಿಕೆ ಮೊಸರು ಬಡಿಸುತ್ತಾರೆ. ಜಾತ್ರೆಯ ದಿನಗಳಾದ್ದರಿಂದ ರಾತ್ರಿ ಕಂಪನಿ ನಾಟಕ. ತಗಡಿನ ಥೇಟರಿನಲ್ಲಿ ಅಳಿಯ ಮೊದಲನೆಯ ಅಂಕಕ್ಕೆ ಹುಬ್ಬು ಗಂಟಿಕ್ಕಿ ಕೂತಿದ್ದ, ಎರಡನೆಯದಕ್ಕೆ ಸಿಳ್ಳು ಹೊಡೆದ. ಬಾದಾಮಿಯಲ್ಲಿ ಹಿಡಿದಿಟ್ಟ ಲೇಕ್ ವ್ಯೂ ಖೋಲಿಯ ಹಾಸಿಗೆ ಮಡಿಕೆ ಮುರಿಯದೆ ಹಾಗೇ ಇತ್ತು.

ಬನಶಂಕರಿ ಜಾತ್ರೆಯ ಇನ್ನೊಂದು ವಿಶೇಷವೆಂದರೆ ಬಾಗಿಲು. ಬಳೆ, ಬತ್ತಾಸು ಸರಿ, ಇಲ್ಲಿ ಮಂದಿ ಜಾತ್ರೆ ಮುಗಿಸಿ ಚೌಕಟ್ಟು ಸಮೇತ ಬಾಗಿಲು ಹೇರಿಕೊಂಡು ಹೋಗುತ್ತಾರೆ. ಮರುದಿನ ಆ ಸಾಲಿನಲ್ಲಿ ಅಳಿಯನ ಹೆಂಡತಿ ಕುಸುರಿಯ ಸಾಗವಾನಿ ಬಾಗಿಲೊಂದರ ಮುಂದೆ ನಿಂತವಳು ಕದಲಲಿಲ್ಲ. ಬಡಿಗೇರ ಟೇಪು ಹಿಡಿದು ಬಂದ.

"ಅಳತಿ ಏನೈತ್ರೀ ಯಕ್ಕಾ?"

"ಅದು... ನಮ್ಮದು ಫ್ಲ್ಯಾಟು. ಬಾಗಿಲು ಬದಲಿಸಬೇಕಾದ್ರೆ ಅಸೋಸಿಯೇಷನ್‌ನವರನ್ನ ಕೇಳಬೇಕು."

"ಮನಿ ಯಾರ್ದ್ರೀ?"

"ನಮ್ಮದೇ."

"ನಿಮ್ಮ ಮನಿಗೆ ನೀವು ಬಾಗಲಾ ಹಚ್ಚಾಕ ಮಂದೀನ ಯಾಕ ಕೇಳ್ತೀರಿ?"

ಅಳಿಯ ನನ್ನ ಮುಖ ನೋಡಿದ. ನಾನು ಪಕ್ಕದ ಅಂಗಡಿಯಲ್ಲಿ ಲಟ್ಟಣಿಗೆಯ ಚೌಕಾಸಿಯಲ್ಲಿದ್ದೆ.